ಶವರಿನ ಮುಚ್ಚಳದೊಳಗಿನ ಚೀಟಿ

ಮೂರನೇ ಮಹಡಿ, ಧೂಳು ಹೊಗದ ಒಂದೇ ಕೋಣೆಯಿಂದ
ಮಾರ್ಚ್ 9, ಭಾನುವಾರ

ಪ್ರೀತಿಯ ಮಗಳೇ,

ಹತ್ತೊಂಬತ್ತು ವರ್ಷದ ಹಿಂದೆ, ಏಪ್ರಿಲ್ ಹನ್ನೊಂದರ ಬೆಳಿಗ್ಗೆ, ನಮ್ಮ ಬಚ್ಚಲಿನ ಗೋಡೆಗೆ ಒಂದು ಸುಳ್ಳನ್ನು ಜಡಿದು ಹೋದರು. ನಿನ್ನೆ ಅದು ಕೆಳಗಿಳಿಯಿತು. ಹೇಳುತ್ತೇನೆ, ಮೊದಲು ನಿನ್ನ ಮೊಣಕೈ ಹೇಗಿದೆ? ಪಟ್ಟಿ ಬಿಚ್ಚಿದರೇ? ವೈದ್ಯರು ಹೇಳಿದ ವ್ಯಾಯಾಮ ನೀನು ಮಾಡುತ್ತಿಲ್ಲವೆಂದು ನಿನ್ನ ಅಮ್ಮ ಇಲ್ಲಿಂದಲೇ ಪತ್ತೆಹಚ್ಚಿದ್ದಾಳೆ.

ಬಚ್ಚಲನ್ನು ಹೊಸದಾಗಿ ಕಟ್ಟಿಸುತ್ತಿದ್ದೇವಲ್ಲ, ಹಳೆಯ ಎಲೆಕ್ಟ್ರಿಕ್ ಶವರ್ ತೆಗೆಯಲು ಎಲೆಕ್ಟ್ರಿಷಿಯನ್ ಬಂದಿದ್ದಳು. ನಿನ್ನ ವಯಸ್ಸಿನವಳೇ ಇರಬೇಕು. ಬಾಗಿಲ ಹೊರಗೆ 'ಶವರ್' ಎಂದು ಬರೆದಿದ್ದ ಸ್ವಿಚ್ ಆರಿಸಿ, "ಆಯ್ತಮ್ಮ, ಶುರು ಮಾಡು" ಎಂದೆ. "ಸ್ವಿಚ್ ಮೇಲೆ ಏನ್ ಬೇಕಾದ್ರೂ ಬರೀಬಹುದು ಸಾರ್, ಕರೆಂಟಿಗೆ ಓದೋಕೆ ಬರಲ್ಲ" ಎಂದಳು. ಐವತ್ತು ವರ್ಷ ಓದುತ್ತಲೇ ಬಂದ ನಾನು ಪಕ್ಕಕ್ಕೆ ಸರಿದೆ. ಮನೆಯ ಮೇನ್ ಆರಿಸಿ ಅದಕ್ಕೆ ಬೀಗ ಹಾಕಿದಳು, ಕೀಲಿ ಅವಳ ಜೇಬಿಗೆ ಹೋಯಿತು. ನೀರಿನ ವಾಲ್ವ್ ಮುಚ್ಚಿದಳು. ತಂತಿಯಲ್ಲಿ ಕರೆಂಟಿದೆಯೇ ಎಂದು ತೋರಿಸುವ ತನ್ನ ಕೈಮೀಟರ್ ಸರಿಯಿದೆಯೇ ಎಂದು ತಾನು ತಂದಿದ್ದ ಪುಟ್ಟ ಯಂತ್ರಕ್ಕೆ ಹಿಡಿದು ನೋಡಿ, ಶವರಿನ ಮುಚ್ಚಳ ಬಿಚ್ಚಿ ತಂತಿಗಳಿಗೆ ಮುಟ್ಟಿಸಿ, ಆಮೇಲೆ ಮತ್ತೆ ಮೀಟರನ್ನೇ ಪರೀಕ್ಷಿಸಿದಳು. ತನ್ನ ಉಪಕರಣವನ್ನೂ ಎರಡು ಸಲ ಅನುಮಾನಿಸುವ ಆ ಶ್ರದ್ಧೆಯನ್ನು ಬಾಯಿ ತೆರೆದು ನೋಡುತ್ತ ನಿಂತೆ.

ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ಥಿಂಗಿನ ಹಸಿರು ತಂತಿ ಎಲ್ಲಿಗೂ ಸೇರಿರಲಿಲ್ಲ. ಟೇಪು ಸುತ್ತಿ ಮೂಲೆಗೆ ತುರುಕಿದ್ದರು. ನೀರು ಕಾಯಿಸುವ ಕೊಳವೆಯಲ್ಲಿ ಕೂದಲೆಳೆಯ ಬಿರುಕು, ಕರೆಂಟು ನೀರಿಗೆ ಸೋರುವಷ್ಟು. "ಈ ಮನೇಲಿ ಯಾರಿಗೂ ಜುಮ್ ಅಂದಿಲ್ವಾ ಸಾರ್?"

ಅಂದಿತ್ತು. ಹದಿಮೂರು ವರ್ಷದ ನಿನಗೆ. ಅಜ್ಜಿ ಜಾರಿ ಬಿದ್ದ ಮೇಲೆ ನಾವೆಲ್ಲ ರಬ್ಬರ್ ಚಪ್ಪಲಿ ಹಾಕಿಕೊಂಡೇ ಮೀಯುತ್ತಿದ್ದೆವು, ಬರಿಗಾಲಿನವಳು ನೀನೊಬ್ಬಳೇ. "ಅಪ್ಪಾ, ನಲ್ಲಿ ಕಚ್ಚುತ್ತೆ" ಎಂದು ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ ಬಂದಿದ್ದೆ. "ಸ್ನಾನ ತಪ್ಪಿಸೋಕೆ ಹೊಸ ನೆಪ" ಎಂದು ನಕ್ಕೆ. ನೆಂಟರು, ನೆರೆಯವರು ಎಲ್ಲರಿಗೂ ಹೇಳಿ ನಗಿಸಿದೆ. ಅಂದಿನಿಂದ ನೀನು ಬಕೆಟ್ಟಿನ ನೀರಲ್ಲೇ ಮಿಂದೆ. ಈಗ ಬಂದಾಗಲೂ ಹಾಗೆಯೇ. ಕಳಚಿದ ಶವರ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಬಿರುಕಿನ ಮೇಲೆ ಬೆರಳಾಡಿಸಿದೆ. ನಾವೆಲ್ಲ ಇನ್ನೂ ಬದುಕಿದ್ದೇವೆ ಎಂಬುದೇ ನನಗೆ ಬೆರಗು. ಅದಕ್ಕೂ ದೊಡ್ಡ ಬೆರಗು ನೀನು: ಮೀಟರಿಲ್ಲ, ಸಾಕ್ಷಿಯಿಲ್ಲ, ಮನೆ ತುಂಬ ನಗು; ಆದರೂ ಹೇಳಿದ್ದನ್ನು ಹಿಂದೆಗೆದುಕೊಳ್ಳಲಿಲ್ಲ.

ಎಲೆಕ್ಟ್ರಿಷಿಯನ್ ಹುಡುಗಿ ತಂತಿಯ ತುದಿಗಳನ್ನು ಭದ್ರವಾಗಿ ಮುಚ್ಚಿ, ಗುರುತು ಬರೆದು ಹೋಗಿದ್ದಾಳೆ. ಕೈ ಜೋಪಾನ. ಅಮ್ಮನ ಮುತ್ತುಗಳು, ಜೊತೆಗೆ ವ್ಯಾಯಾಮದ ಎಚ್ಚರಿಕೆ.

ನಿನ್ನ
ಅಪ್ಪ

ಅಂಚೆಗೆ ಹಾಕುವ ಮುನ್ನ: ಮುಖ್ಯವಾದದ್ದನ್ನೇ ಬರೆಯಲು ಕೈ ಹಿಂಜರಿದಿತ್ತು. ಮುಚ್ಚಳದೊಳಗೆ ಒಂದು ಚೀಟಿ ಅಂಟಿತ್ತು: 'ಅರ್ಥಿಂಗ್ ಪರೀಕ್ಷಿಸಿ ನೋಡಲಾಗಿದೆ.' ಕೆಳಗೆ ಆ ಏಪ್ರಿಲ್ ಹನ್ನೊಂದರ ತಾರೀಖು, ಎರಡು ಸಹಿ. ಒಂದು ನಮ್ಮ ಕಟ್ಟಡ ಸಮಿತಿಯ ಕಾರ್ಯದರ್ಶಿಯದು. ಇನ್ನೊಂದು, ಬಸ್ ಟಿಕೆಟ್ಟಿನ ಹಿಂಬದಿಯನ್ನೂ ಓದದೆ ಬಿಡದ ನನ್ನದು. ಆಗ ಸಮಿತಿ ಇದೇ ಶವರನ್ನು ಕಟ್ಟಡದ ಇಪ್ಪತ್ತನಾಲ್ಕು ಮನೆಗಳಿಗೂ ಹಾಕಿಸಿತ್ತು. ನಿನ್ನೆಯೇ ಬಾಗಿಲು ಬಾಗಿಲಿಗೂ ಹೋಗಿ ಬಳಸಬೇಡಿ ಎಂದು ಹೇಳಿಬಂದೆ. ಮುಂದಿನ ಭಾನುವಾರ ಎಲ್ಲರ ಸಭೆ. ನೀನು ಬಾ. ಚೀಟಿಯನ್ನು ಮೇಜಿನ ಮೇಲಿಟ್ಟು, ಕಾರ್ಯದರ್ಶಿಯನ್ನೂ ನನ್ನನ್ನೂ ಎಬ್ಬಿಸಿ ನಿಲ್ಲಿಸಿ ಕೇಳು: ನೋಡದೆ ಯಾಕೆ ಸಹಿ ಹಾಕಿದಿರಿ? ಮನೆಯೊಳಗೆ ಪಿಸುಗುಟ್ಟಿ ಕ್ಷಮೆ ಕೇಳಿದರೆ ಒಪ್ಪಿಕೊಳ್ಳಬೇಡ. ನಾನು ನಕ್ಕದ್ದು ಎಲ್ಲರೆದುರು. ಉತ್ತರವನ್ನೂ ಎಲ್ಲರೆದುರೇ ಕೊಡಿಸು.