ಅಮ್ಮನ ಕುಕ್ಕರ್ ಪರೀಕ್ಷೆ

ಜೂನ್ ೮, ಶನಿವಾರ

ಪ್ರೀತಿಯ ಗುಬ್ಬಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೈಯಬೇಡ. ಪತ್ರಿಕೆಗಳಿಗೆ ದೂರು ಬರೆದು ಪಳಗಿದ ಕೈ ಇದು. ಮಗಳಿಗೆ ಬರೆಯಲು ಕೂತರೂ 'ಮಾನ್ಯರೆ' ಎಂದೇ ಶುರುವಾಗುತ್ತದೆ. ಹರಿದು ಹಾಕಿ ಹಾಕಿ ಸಾಕಾಯಿತು.

ನನ್ನ ಮಂಡಿನೋವು ಹಾಗೇ ಇದೆ, ಅದಿರಲಿ. ಅಮ್ಮನ ಸಂಗತಿ ಹೇಳಬೇಕು. ಆಸ್ಪತ್ರೆಯ ಅಡುಗೆಮನೆಯಲ್ಲಿ ಗ್ಯಾಸ್ ಒಲೆಗಳನ್ನು ತೆಗೆದು ಎಂಟು ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್‌ಗಳನ್ನು ಸಾಲಾಗಿ ಇಟ್ಟಿದ್ದಾರೆ. ಅವುಗಳ ಗುಂಡಿಗಳ ಮೇಲಿರುವ ಪದಗಳ ಅರ್ಥ ಗೊತ್ತಿದ್ದವರು ಮಾತ್ರ ಅಡುಗೆಗೆ, ಉಳಿದವರು ಪಾತ್ರೆ ತೊಳೆಯಲು. ಇಪ್ಪತ್ತಾರು ವರ್ಷ ರೋಗಿಗಳಿಗೆ ಗಂಜಿ ಬೇಯಿಸಿದವಳಿಗೆ ಈಗ ಬಾಯಿಪರೀಕ್ಷೆ. ಸೌದೆ ಒಲೆ ಹೋಗಿ ಗ್ಯಾಸ್ ಬಂದ ವರ್ಷ ಆಗಿನ ದೊಡ್ಡ ಡಾಕ್ಟರು ತಾವೇ ಅಂಗಿಯ ತೋಳು ಮಡಿಸಿಕೊಂಡು ಬಂದು ಒಬ್ಬೊಬ್ಬರಿಗೂ ಒಲೆ ಹೊತ್ತಿಸುವುದನ್ನು ತೋರಿಸಿದ್ದರು. ಅಮ್ಮ ಮನೆಗೆ ಬಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಈಗಿನವರು ಕಲಿಸದೆಯೇ ಪ್ರಶ್ನೆ ಕೇಳುತ್ತಾರೆ. ಕುಕ್ಕರ್ ಜೊತೆ ಬಂದ ಪುಸ್ತಕದಲ್ಲಿ ಹನ್ನೊಂದು ಭಾಷೆಗಳಿವೆ, ನಮ್ಮದೊಂದಿಲ್ಲ. ಅದನ್ನೂ ಪತ್ರಿಕೆಗೆ ಬರೆದೆ. ಹಾಕಲಿಲ್ಲ.

ಪರೀಕ್ಷೆಗೆ ಎರಡು ದಿನ ಮುಂಚೆ ಅಮ್ಮ ಆ ಪುಸ್ತಕವನ್ನು ನನ್ನ ಮುಂದಿಟ್ಟು, "ಇದನ್ನ ಸ್ವಲ್ಪ ಓದಿ ಹೇಳ್ರೀ. ಇಷ್ಟು ವರ್ಷಕ್ಕೆ ನಿಮ್ಮ ಓದು ಒಂದ್ಸಲನಾದ್ರೂ ಅಡುಗೆಮನೆಗೆ ಬರ್ಲಿ" ಎಂದಳು. ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕಳೆದವನಲ್ಲವೆ, ನಿಘಂಟು ಬಿಚ್ಚಿಕೊಂಡು ಕೂತೆ. ಒಂದೊಂದು ಪದಕ್ಕೂ ನಮ್ಮ ಭಾಷೆಯಲ್ಲಿ ಹೆಸರು ಕಟ್ಟಿದೆ, ಅರ್ಥ ಬರೆದೆ. 'ಕ್ವಿಕ್ ರಿಲೀಸ್' ಎಂಬುದಕ್ಕೆ 'ಶೀಘ್ರ ಬಾಷ್ಪ ವಿಮೋಚನೆ' ಎಂದಾಗ, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಆವಿ ತಾನಾಗಿಯೇ ಹೋಗಿರುತ್ತದೆ ಎಂದು ನಕ್ಕಳು. ಆದರೂ ಹಾಳೆಯನ್ನು ಜೋಪಾನವಾಗಿ ಮಡಿಚಿ ಚೀಲದಲ್ಲಿಟ್ಟುಕೊಂಡಳು.

ಬುಧವಾರ ಪರೀಕ್ಷೆ ನಡೆಯಿತು. ಐದರಲ್ಲಿ ನಾಲ್ಕು ಸರಿ. ತಣ್ಣಗಾದ ಗಂಜಿಯನ್ನು ಬಿಸಿ ಮಾಡಲು ಯಾವ ಗುಂಡಿ ಎಂಬುದು ಕೊನೆಯ ಪ್ರಶ್ನೆ. ಅಮ್ಮ 'ಕೀಪ್ ವಾರ್ಮ್' ಎಂದಳು. ತಪ್ಪು. ರೋಗಿಗಳ ಊಟದಲ್ಲಿ ಒಂದು ತಪ್ಪಿಗೂ ಜಾಗವಿಲ್ಲವೆಂದು ಮೇಲ್ವಿಚಾರಕ ಅವಳನ್ನು ಫೇಲು ಮಾಡಿದ. ಬರುವ ಶುಕ್ರವಾರ ಇನ್ನೊಂದೇ ಅವಕಾಶ. ಅದೂ ಹೋದರೆ ದಿನವಿಡೀ ತೊಟ್ಟಿಯ ಮುಂದೆ ನಿಲ್ಲಬೇಕು. ಸೋಪಿನ ನೀರಿಗೆ ಅವಳ ಬೆರಳುಗಳು ಹೇಗೆ ಬಿರಿಯುತ್ತವೆಂದು ನೀನು ಬಲ್ಲೆ.

ನಿನ್ನ ಕೋಣೆಯಲ್ಲಿ ಇಂಥದ್ದೇ ಕುಕ್ಕರ್ ಇದೆಯಲ್ಲ. ಅದನ್ನು ಎದುರಿಗಿಟ್ಟುಕೊಂಡು ಅಮ್ಮನಿಗೆ ಫೋನ್ ಮಾಡಿ ಕಲಿಸು. ನಾನೇ ನಿನಗೆ ಫೋನ್ ಮಾಡಬಹುದಿತ್ತು, ಆದರೆ ನಿನಗೆ ಬಿಡುವಾಗುವ ಹೊತ್ತಿಗೆ ಅವಳೂ ಮನೆಯಲ್ಲಿರುತ್ತಾಳೆ, ಇರುವುದು ಎರಡು ಕೋಣೆ, ಅವಳಿಗೆ ಕೇಳಿಸುತ್ತದೆ. ಈ ಸಲ ಪಕ್ಕದ ಮನೆಯ ಟೈಲರಮ್ಮನ ಕುಕ್ಕರ್ ಮುಂದೆ ಕೂತು, ಅವರನ್ನು ಕೇಳಿ ಕೇಳಿ ಬರೆದುಕೊಂಡಿದ್ದೇನೆ. ಮುಚ್ಚಳದ ಮೇಲಿನ ಸಣ್ಣ ಹಿಡಿಕೆಯನ್ನು 'ಸೀಲಿಂಗ್' ಕಡೆ ತಿರುಗಿಸಿದರೆ ಆವಿ ಒಳಗೇ ನಿಲ್ಲುತ್ತದೆ, 'ವೆಂಟಿಂಗ್' ಕಡೆ ತಿರುಗಿಸಿದರೆ ಹೊರಗೆ ಹೋಗುತ್ತದೆ. ಪಕ್ಕದ ಪುಟ್ಟ ಪಿನ್ನು ಮೇಲೆದ್ದಿರುವ ತನಕ ಮುಚ್ಚಳ ಮುಟ್ಟಬಾರದು. ಆವಿ ತಾನಾಗಿ ಇಳಿಯಲು ಬಿಟ್ಟರೆ 'ನ್ಯಾಚುರಲ್ ರಿಲೀಸ್'. ಗಂಜಿಗೆ ಅದೇ ಸರಿ. 'ಕ್ವಿಕ್' ಎಂದು ಹಿಡಿಕೆ ತಿರುಗಿಸಿ ಒಮ್ಮೆಲೇ ಬಿಟ್ಟರೆ ನೊರೆ ಚಿಮ್ಮಿ ಕೈ ಸುಡುತ್ತದೆ. ಹತ್ತು ನಿಮಿಷ ಎಂದು ಒತ್ತಿದರೆ ಆ ಹತ್ತು ನಿಮಿಷ ಶುರುವಾಗುವುದು ಒತ್ತಡ ಏರಿದ ಮೇಲೆ. ಇದನ್ನು ಎರಡು ಸಲ ಹೇಳು. 'ಸೊಟೆ' ಎಂದರೆ ಮುಚ್ಚಳ ತೆಗೆದಿಟ್ಟು ಹುರಿಯುವುದು. ತಣ್ಣಗಿನ ಗಂಜಿಯನ್ನೂ ಕೈಯಾಡಿಸುತ್ತ ಅದರಲ್ಲೇ ಕುದಿಸಬೇಕು. 'ಕೀಪ್ ವಾರ್ಮ್' ಬಿಸಿ ಮಾಡುವುದಿಲ್ಲ, ಬಿಸಿಯಿದ್ದದ್ದು ಆರದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ನಾನು ಕಟ್ಟಿದ ಹೆಸರುಗಳು ಬೇಡ. ಗುಂಡಿಯ ಮೇಲೆ ಇರುವುದನ್ನೇ ಹೇಳಿಸು.

ಮನೆಯಲ್ಲಿ ಮಾತು ಕಡಿಮೆಯಾಗಿದೆ. ಅವಳು ಕೆಲಸದಿಂದ ಬಂದವಳೇ ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾಳೆ. ನನಗೂ ಜಗಳಾಡುವ ತ್ರಾಣ ಉಳಿದಿಲ್ಲ. ಮೇಲ್ವಿಚಾರಕನ ಮೇಲೆ ನಾಲ್ಕು ಪುಟ ಬರೆದೆ. ಕಳಿಸಲು ಮನಸ್ಸು ಬರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಚೆನ್ನಾಗಿರು, ಮಗಳೇ.

ನಿನ್ನ ಅಪ್ಪ

ಮೇಲೆ ಬರೆಯಲಾಗದೆ ಬಿಟ್ಟದ್ದು: 'ಕೀಪ್ ವಾರ್ಮ್' ಒತ್ತಿದರೆ ತಣ್ಣಗಿನದು ಬಿಸಿಯಾಗುತ್ತದೆ ಎಂದು ಆ ಹಾಳೆಯಲ್ಲಿ ಬರೆದವನು ನಾನೇ. ಯಂತ್ರವನ್ನು ಕಣ್ಣಲ್ಲೂ ನೋಡದೆ ಬರೆದೆ. ಅಮ್ಮ ಪರೀಕ್ಷೆಯ ಹಿಂದಿನ ದಿನವೇ ಒತ್ತಿ ನೋಡಿದ್ದಳಂತೆ, ಗಂಜಿ ಬಿಸಿಯಾಗಲಿಲ್ಲವೆಂದು ಆಸ್ಪತ್ರೆಯಲ್ಲಿ ಕಸ ಗುಡಿಸುವ ಅಕ್ಕನ ಹತ್ತಿರ ಹೇಳಿಯೂ ಇದ್ದಳಂತೆ. ಪರೀಕ್ಷೆಯಲ್ಲಿ ಮೇಲ್ವಿಚಾರಕ, "ಅವಸರ ಇಲ್ಲಮ್ಮ, ಇನ್ನೊಂದ್ಸಲ ಯೋಚ್ನೆ ಮಾಡಿ" ಎಂದನಂತೆ. ಅದಕ್ಕೆ ಅಮ್ಮ, "ಇಲ್ಲ ಸಾರ್, ನಮ್ಮನೆಯವರು ಓದಿ ಹೇಳಿದ್ದು. ಅವರು ತಪ್ಪು ಹೇಳಲ್ಲ" ಎಂದಳಂತೆ. ಇಷ್ಟನ್ನೂ ನನಗೆ ಹೇಳಿದ್ದು ಆ ಅಕ್ಕ. ಅಮ್ಮ ಇಂದಿನವರೆಗೂ ಬಾಯಿ ಬಿಟ್ಟಿಲ್ಲ. ನಿನ್ನೆ ಸರಿಯಾದದ್ದನ್ನು ಹೇಳಲು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಹೂಂ ಎಂದು ತಲೆಯಾಡಿಸಿದಳು. ಅದಕ್ಕೇ ನೀನು ಹೇಳು ಎನ್ನುತ್ತಿದ್ದೇನೆ. ನೀನು ಹೇಳಿದ್ದನ್ನಾದರೆ ತಾನೇ ಒತ್ತಿ ನೋಡಿ, ಸರಿಯೋ ತಪ್ಪೋ ಎಂದು ಕೇಳಿಯಾಳು. ನಾನು ಏನು ಹೇಳಿದರೂ ಅವಳು ನಂಬಿಬಿಡುತ್ತಾಳೆ.