ಮನೆಯೊಳಗೊಂದು ಕುಣಿ

ಸುಮಕ್ಕಾ,

ಸುಮಿಕೊ ಎಂಬ ನಿನ್ನ ಜಪಾನೀ ಹೆಸರನ್ನು ನಮ್ಮವ್ವ ಮೊದಲ ದಿನವೇ ‘ಸುಮವ್ವ’ ಮಾಡಿದಳು, ನಾನು ಸುಮಕ್ಕ ಮಾಡಿದೆ. ಈಗ ನಿನ್ನ ಶಿಷ್ಯೆಯೊಬ್ಬಳು ಬಾದಾಮಿಗೆ ಬಂದವಳು ನನ್ನನ್ನೂ ಹುಡುಕಿ ಬಂದು, ನೀನು ತೀರಿಹೋಗಿ ವರ್ಷವಾಯಿತು ಎನ್ನುತ್ತಾಳೆ. ವರ್ಷವಾಯಿತಂತೆ! ಇಲ್ಲಿ ನಾನು ನಿನ್ನನ್ನೇ ನೆನೆದು ಸಾಹೇಬರ ಜೊತೆ ಗುದ್ದಾಡುತ್ತಿದ್ದರೆ, ಅಲ್ಲಿ ನೀನು ಹೇಳದೆ ಕೇಳದೆ... ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದಿಕೋ.

ನೀನು ಮೊದಲ ಸಲ ಇಳಕಲ್ಲಿಗೆ ಬಂದದ್ದು ನೆನಪಿದೆಯಾ? ಬಾದಾಮಿಯ ಗುಡಿಗಳನ್ನು ಅಳೆಯಲು ಬಂದಿದ್ದ ಆರ್ಕಿಟೆಕ್ಟು ನೀನು, ಸೀರೆಯೊಂದನ್ನು ಕೊಳ್ಳೋಣವೆಂದು ನಮ್ಮ ಮನೆ ಹೊಕ್ಕಿದ್ದೆ. ನಾನಾಗ ಹೈಸ್ಕೂಲು, ಅರೆಬರೆ ಇಂಗ್ಲಿಷಿನ ದುಭಾಷಿ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮೇಲೆ ಕೂತು ನೇಯಬೇಕು. ನೀನು ಸೀರೆ ಮರೆತು ಅವ್ವನ ಪಕ್ಕ ಕೂತು ಕುಣಿಯೊಳಗೆ ಕಾಲು ಬಿಟ್ಟೆ, ಕಣ್ಣು ತುಂಬಿಕೊಂಡೆ. ನಿನ್ನ ತಾಯಿಯ ಮನೆಯ ನೆಲದಲ್ಲೂ ಇಂಥದೇ ಕುಣಿ, ಚಳಿಗೆ ಅದರಡಿ ಕೆಂಡ, ಮನೆಮಂದಿಯೆಲ್ಲ ಸುತ್ತಲೂ ಕಾಲು ಇಳಿಬಿಟ್ಟು ಉಣ್ಣುತ್ತಿದ್ದರು ಅಂತ ಹೇಳಿದೆ. “ಅಯ್ಯ, ಇಕಿ ನಮ್ಮಾಕಿನ!” ಎಂದು ಅವ್ವ ನಿನಗಾಗಿ ಬಿಸಿ ರೊಟ್ಟಿ ಬಡಿದಳು.

ಆಗಲೇ ನೇಕಾರರಿಗೆಂದು ಊರ ಹೊರಗೆ ಸರಕಾರಿ ಮನೆಗಳು ಏಳುತ್ತಿದ್ದವು. ನೋಡಲು ಹೋದೆವಲ್ಲ, ಕನ್ನಡಿಯಂಥ ಸಿಮೆಂಟು ನೆಲ, ಕುಣಿಯೇ ಇಲ್ಲ! ಮಗ್ಗ ಹೂಡಲಾಗದ ಮನೆಯಲ್ಲಿ ಅವ್ವ ಏನು ಮಾಡಬೇಕು? ಇನ್ನೊಬ್ಬರ ಮಗ್ಗಕ್ಕೆ ಕೂಲಿ ಹೋಗಬೇಕು, ಅಷ್ಟೇ. ನೀನು ನನ್ನ ಕೈ ಹಿಡಿದು, ಆ ಮನೆಗಳನ್ನು ಕಟ್ಟಿಸುತ್ತಿದ್ದ ಹುನಗುಂದದ ಕಚೇರಿಗೆ ಎಳೆದುಕೊಂಡು ಹೋದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಒಂದೇ ವಾಕ್ಯವನ್ನು ನೀನೇ ಸಾಹೇಬರ ಮುಂದೆ ಹೇಳಿದೆ: “ಮನಿಗೊಂದು ಕುಣಿ ಬೇಕ್ರಿ.”

ಕಾರಕೂನ ಕಿಸಕ್ಕನೆ ನಕ್ಕ. “ಬಾಯಾರು ಕುಣೀಬೇಕಂತಾರ್ರಿ, ಸಾಹೇಬ್ರ!”

ಸಾಹೇಬರು ಎಲೆ ಅಡಿಕೆ ಜಗಿಯುತ್ತಲೇ, “ನಮ್ಮ ನೆಲ ಸರಿಯಿಲ್ಲಂತೇನು? ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ!” ಎಂದರು. ಕಚೇರಿಗೆ ಕಚೇರಿಯೇ ನಕ್ಕಿತು. ನನಗೆ ಮೈ ಉರಿದುಹೋಯಿತು. ನೀನು ಬಿಡದೆ ಅರ್ಥ ಕೇಳಿದೆ, ನಾನು ಹೇಳಿದೆ. ಆಮೇಲೆ ನೀನು ಮಾಡಿದ್ದನ್ನು ಇವತ್ತಿಗೂ ಯಾರೂ ನಂಬುವುದಿಲ್ಲ. ಬಿಳಿಗೂದಲಿನ ಹೆಂಗಸು ಚಪ್ಪಲಿ ಕಳಚಿಟ್ಟು, ನಟ್ಟನಡು ಕಚೇರಿಯಲ್ಲಿ ನಿಮ್ಮೂರ ಹಬ್ಬದ ಕುಣಿತವನ್ನು, ಕೈಯೆತ್ತಿ, ಹೆಜ್ಜೆಯಿಟ್ಟು, ಒಂಚೂರೂ ನಗದೆ ಕುಣಿದೆ. ಕುಣಿದು ನಿಂತು, ನನ್ನಿಂದ ಕನ್ನಡದ ಮಾತು ಕೇಳಿಕೊಂಡು, ಸಾಹೇಬರತ್ತ ತಿರುಗಿದೆ: “ನಾ ಕುಣಿದ್ನಿ. ನಿಮ್ಮ ನೆಲಾನ ಡೊಂಕೈತ್ರಿ.”

ನಗು ನಿಂತಿತು, ಕುಣಿ ಮಾತ್ರ ಬರಲಿಲ್ಲ. “ಸರಕಾರಿ ನಕ್ಷಿ, ನನ್ನ ಕೈಯಾಗೇನೂ ಇಲ್ಲ” ಎಂದರು. ಅವರ ಕೈಯಲ್ಲಿ ಯಾವಾಗ ಏನಿತ್ತು, ಹೇಳು?

ವಾಪಸು ಬರುವ ಬಸ್ಸಿಗೆ ಕಾಯುತ್ತ, ಚುರಮರಿ ತಿನ್ನುತ್ತ ನೀನು ನಿನ್ನ ಕಥೆ ಹೇಳಿದ್ದೆ. ನಿಮ್ಮೂರ ಆಫೀಸಿನಲ್ಲಿ ನೀನೊಬ್ಬಳೇ ಹೆಂಗಸು. ಮನೆಯ ನಕ್ಷೆ ನಾವು ಬರೆಯುತ್ತೇವೆ, ಅಡುಗೆಮನೆಯದಷ್ಟೇ ನೀನು ಬರೆ ಎಂದರಂತೆ. ವರ್ಷಗಟ್ಟಲೆ ಅಡುಗೆಮನೆಗಳನ್ನೇ ಬರೆದವಳು ಒಂದು ದಿನ ಅಡುಗೆಮನೆಯನ್ನು ನಡುವಿಗಿಟ್ಟು, ಸುತ್ತ ಇಡೀ ಮನೆ ಬರೆದುಬಿಟ್ಟೆಯಂತೆ. ಆಫೀಸಿನ ಯಜಮಾನ ಅದನ್ನು ಹರಿದು ಹಾಕಿದ. ನೀನು ಎದ್ದು ಬಂದು ಒಂದೇ ಕೋಣೆಯಲ್ಲಿ ನಿನ್ನದೇ ಆಫೀಸು ತೆರೆದೆ. “ಎಷ್ಟು ದಿನ ಕೇಳುತ್ತೀ? ನೀನೇ ಕಟ್ಟು” ಎಂದೆ ನನಗೆ. ಚುರಮರಿಯ ಖಾರಕ್ಕೆ ನಿನ್ನ ಮೂಗು ಸೋರುತ್ತಿತ್ತು.

ನೀನು ದೇಶಕ್ಕೆ ಮರಳಿದ ಮೇಲೆ ಅವ್ವನಿಗೂ ಆ ಮನೆ ಬಂತು. ಹಾರೆ ಹಿಡಿದು ನೆಲ ಒಡೆದೇಬಿಟ್ಟಳು! ಕಚೇರಿಯವರು ಬಂದು ಕಲ್ಲುಮಣ್ಣು ತುಂಬಿ ಮುಚ್ಚಿದರು. ಮತ್ತೆ ತೋಡಿದಳು. “ಮುಚ್ಚೋರಿಗೆ ಬ್ಯಾಸರಾಗ್ಲಿ, ನನಗೇನು” ಎಂದಳು. ಆದರೆ ಒಡೆದು ತೋಡಿದ ಕುಣಿಯಲ್ಲಿ ಮಳೆಗಾಲಕ್ಕೆ ನೀರು ಒಸರಿ ನೂಲು ಮುಗ್ಗುತ್ತದೆ, ಕಾಲು ಊದುತ್ತದೆ. ಮನೆ ಕಟ್ಟುವಾಗಲೇ ಕುಣಿ ತೋಡಿ ಅದರೊಳಗೆ ಕಲ್ಲು ಕಟ್ಟಬೇಕು. ಅದನ್ನು ನೀನು ಅಂದೇ ಹೇಳಿದ್ದೆ.

ನಿನಗೆ ತಿಳಿಯದ ಸುದ್ದಿ ಕೇಳು. “ಹೆಣ್ಣುಮಗಳಿಗೆ ಇಟ್ಟಂಗಿ ಲೆಕ್ಕ ಯಾಕ?” ಎಂದವರ ಎದುರಿಗೇ ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿದೆ. ನೇಕಾರರ ಎರಡನೆಯ ಸಾಲಿನ ಮನೆಗಳಿಗೆ ಈಗ ನಾನೇ ಓವರ್‌ಸಿಯರ್. ಎಂಬತ್ತರ ಇಸವಿ ದಾಟಿದರೂ ನಕ್ಷೆ ಎಪ್ಪತ್ತರದೇ. ಹೊಸ ಸಾಹೇಬರನ್ನು ಕೇಳಿದೆ, ಹಳೆಯ ಉತ್ತರ. ಕೇಳುವುದನ್ನು ಬಿಟ್ಟೆ.

“ಬಾಯಾರ, ನಕ್ಷ್ಯಾಗ ಕುಣಿ ಇಲ್ಲಲ್ರಿ?” ಎಂದ ಗೌಂಡಿ.

“ನಾ ಹೇಳ್ತೇನಿ, ತೋಡ್ರಿ. ಕೇಳಿದ್ರ ನನ್ನ ಹೆಸರು ಹೇಳ್ರಿ.”

ಮನೆಮನೆಗೂ ಕಿಟಕಿಯ ಬೆಳಕು ಬೀಳುವ ಕಡೆ ಕುಣಿ ತೋಡಿಸಿ ಕಲ್ಲು ಕಟ್ಟಿಸಿದ್ದೇನೆ. ಇಂದು ಬೆಳಿಗ್ಗೆ ಹುನಗುಂದದಿಂದ ಮಾತು ಬಂತು: ಮುಚ್ಚಿಸು, ಇಲ್ಲವೇ ನೌಕರಿ ಬಿಡು. ಮುಚ್ಚಿಸಲು ಸಾಹೇಬರೇ ಬರುತ್ತಾರಂತೆ.

ನೌಕರಿ ಹೋದರೆ ಹೋಗಲಿ ಸುಮಕ್ಕಾ. ಮೊದಲನೆಯ ಮನೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಕುಣಿಯಲ್ಲಿ ಅವ್ವ, ಅದರಾಚೆ ಓಣಿಯ ಹೆಂಗಸರು, ಮನೆಗೊಬ್ಬರು. ಹೊರಗೆ ಜೀಪು ನಿಂತ ಸದ್ದು. “ಏಳಬ್ಯಾಡ್ರೆ ಯವ್ವಾ, ಯಾರೂ ಏಳಬ್ಯಾಡ್ರಿ!” ಎಂದು ಅವ್ವ ಕೂಗುತ್ತಿದ್ದಾಳೆ.

ಏಳುವುದಿಲ್ಲ ಅಕ್ಕಾ. ಮಣ್ಣು ಸುರಿಯುವುದಾದರೆ ನಮ್ಮ ಕಾಲ ಮೇಲೆಯೇ ಸುರಿಯಲಿ.