ಐದು ಗ್ಲಾಸು ಹೊಗೆ

ಭಾನುವಾರ, ತಾರೀಖು ಹದಿನೇಳು

ನನ್ನ ಗುಬ್ಬಿಗೆ,

ಅಣ್ಣನ ಆಶೀರ್ವಾದ ನಿನಗೆ, ಅದರ ದುಪ್ಪಟ್ಟು ನಿನ್ನ ಮಗಳಿಗೆ, ಉಳಿದದ್ದೆಲ್ಲ ತೊಟ್ಟಿಲಲ್ಲಿರುವ ಹೊಸ ಮಹಾರಾಣಿಗೆ. ಉತ್ತರ ತಡವಾಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆದು ಆಮೇಲೆ ಹೊಡೆದುಹಾಕಿದೆ. ಆ ಗೀಟು ಮೇಲೆ ಕಾಣುತ್ತಿದೆ ನೋಡು. ಕೆಲಸವೇನೂ ಇರಲಿಲ್ಲ. ಪೆನ್ನು ಹಿಡಿದು ಕೂತಾಗಲೆಲ್ಲ ಇನ್ನೇನೋ ನೆನಪಾದವನಂತೆ ಎದ್ದುಬಿಡುತ್ತಿದ್ದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮಾತು ತೇಲಿಸಿಬಿಡುತ್ತೇನೆ, ಚಿಕ್ಕಂದಿನಿಂದ ನಿನಗೆ ಗೊತ್ತಿರುವುದೇ.

ಮೊದಲು ಮನೆಯ ಸುದ್ದಿ. ನಿಮ್ಮ ಮನೆಯ ಬೀಗದ ಕೈ ನನ್ನ ಹತ್ತಿರ ಭದ್ರವಾಗಿದೆ. ಹಿಂದಿನ ಬಾಗಿಲ ಕುಂಡಗಳಿಗೆ ನಿನ್ನ ಅತ್ತಿಗೆ ದಿನಾ ನೀರು ಹಾಕುತ್ತಿದ್ದಾಳೆ. ಒಂದು ಗಿಡ ಹೋಗಿದೆ. ನೀನು ಹೊರಡುವಾಗಲೇ ಅದು ಅರ್ಧ ಹೋಗಿತ್ತು ಎಂದು ಬರೆಯಬೇಕೆಂದು ಅವಳ ಅಪ್ಪಣೆ, ಬರೆದಿದ್ದೇನೆ. ಅಡುಗೆಮನೆಯ ನಲ್ಲಿ ಈಗ ಸೋರುವುದಿಲ್ಲ.

ನಿನ್ನವನು, ನನ್ನ ಭಾವ, ಇನ್ನೂ ಕುಡಿತ ಬಿಡಿಸುವ ವಾರ್ಡಿನಲ್ಲೇ ಇದ್ದಾನೆ, ಒಂಬತ್ತು ವರ್ಷದ ಹಿಂದೆ ಇದ್ದನಲ್ಲ, ಅದೇ ಆಸ್ಪತ್ರೆ, ಅದೇ ಮಹಡಿ. ಕೈ ನಡುಕ ಕಡಿಮೆಯಾಗಿದೆ. ಊಟ ಸೇರುತ್ತಿದೆ. ಸಂಜೆ ಭೇಟಿಯ ಹೊತ್ತಿಗೆ ನಾನು ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತೇನೆ. ಮಗುವಿಗೆ ತಲೆತುಂಬ ಕೂದಲಿದೆಯೇ ಎಂದು ಕೇಳುತ್ತಾನೆ. ಇದೆ ಎಂದರೆ, ಹಾಗಾದರೆ ಅಜ್ಜಿಯ ಕಡೆಯದು ಎನ್ನುತ್ತಾನೆ. ಮಾರನೆಯ ದಿನ ಮತ್ತೆ ಅದನ್ನೇ ಕೇಳುತ್ತಾನೆ.

ಹೋದ ವಾರ ಅವನು ನಿನಗೆ ಫೋನ್ ಮಾಡಿದಾಗ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಇದು ನಿನಗೆ ಗೊತ್ತಿರಲಾರದು. ಅವನು ಹೇಳಿದ್ದು ಕೇಳಿಸಿತು: “ನಾನೇ ಅಂಗಡಿಗೆ ಹೋಗಿ ತಂದೆ. ಯಾರೂ ಕೊಡ್ಲಿಲ್ಲ, ಯಾರೂ ಕರೀಲಿಲ್ಲ.” ನೀನು ಕೇಳಿದ್ದೂ ಕೇಳಿಸಿತು: “ನೀವಾಗಿ ನೀವೇನಾ?” ಅವನು ಹೌದು ಎಂದ. ನೀನು ಹಾಗಾದರೆ ನಾನು ಮಗಳ ಮನೆಯಲ್ಲೇ ಇದ್ದುಬಿಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಒಂಬತ್ತು ವರ್ಷದ ಹಿಂದೆ ನೀನು ಹಾಕಿದ ಷರತ್ತು ನನಗೂ ನೆನಪಿದೆ, ನೀವಾಗಿ ನೀವು ಇನ್ನೊಂದು ಸಲ ಮುಟ್ಟಿದರೆ ನಾನು ಈ ಮನೆಯಲ್ಲಿರುವುದಿಲ್ಲ ಎಂದು. ಅಷ್ಟು ಹೊತ್ತೂ ನಾನು ಕೈ ತೊಳೆಯುವುದು ಹೇಗೆಂದು ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ನೋಡುತ್ತ ನಿಂತಿದ್ದೆ.

ಗುಬ್ಬಿ, ಅವನಾಗಿ ಅವನು ಮುಟ್ಟಲಿಲ್ಲ. ಸುರಿದು ಕೊಟ್ಟವನು ನಾನು.

ನನ್ನ ಕೆಲಸದ ಸುದ್ದಿ ಎತ್ತಿದರೆ ನಿನಗೆ ಮೈ ಉರಿಯುತ್ತದೆ, ಆದರೂ ಮೊದಲಿನಿಂದ ಹೇಳಬೇಕು. ನೆಗಡಿ ಬಂದು ಹೋದಮೇಲೆ ನನ್ನ ಮೂಗು ಕೆಟ್ಟಿತು. ಕಾಫಿಗೂ ಬಿಸಿನೀರಿಗೂ ವ್ಯತ್ಯಾಸ ತಿಳಿಯದು. ಬೇರೆ ಯಾರಿಗಾದರೂ ಆಗಿದ್ದರೆ ಇದೊಂದು ತಮಾಷೆ, ವಿಸ್ಕಿ ರುಚಿ ನೋಡಿ ಬದುಕುವ ನನಗೆ ಅನ್ನದ ಪ್ರಶ್ನೆ. ನಾನು ಯಾರಿಗೂ ಹೇಳಲಿಲ್ಲ. ಗ್ಲಾಸನ್ನು ಮೂಗಿಗೆ ಹಿಡಿದು ಹುಬ್ಬು ಗಂಟಿಕ್ಕುವುದು ಇಷ್ಟು ವರ್ಷದ ಅಭ್ಯಾಸ, ಅದರಲ್ಲೇ ದಿನ ತಳ್ಳುತ್ತಿದ್ದೆ. ಆಮೇಲೊಂದು ದಿನ ಸೋಪು ಸರಿಯಾಗಿ ತೊಳೆಯದ ಗ್ಲಾಸಿನಲ್ಲಿ ಸ್ಕಾಚ್ ಕೊಟ್ಟಿದ್ದರು. ನಾನು ಅದನ್ನು ಬಾಯಲ್ಲಿ ಆಡಿಸಿ, ಮಲ್ಲಿಗೆಯ ತೆಳು ಪರಿಮಳವಿದೆ ಎಂದು ಎಲ್ಲರ ಮುಂದೆ ಹೇಳಿದೆ. ನಕ್ಕರು. ನಮ್ಮ ವಿಸ್ಕಿ ಕ್ಲಬ್ಬಿನ ಮಾಲೀಕರು ಮಾತ್ರ ನಗಲಿಲ್ಲ. ನಿಮ್ಮ ಮೂಗು ರಜೆಗೆ ಹೋಗಿದೆಯೇ ಎಂದು ಮೆಲ್ಲಗೆ ಕೇಳಿದರು. ಈ ವರ್ಷದ ಆಯ್ಕೆ ನೋಡಿಕೊಂಡು, ನನ್ನನ್ನು ರುಚಿಯ ಕೋಣೆಯಲ್ಲಿ ಇಟ್ಟುಕೊಳ್ಳುವುದೋ ಗೋದಾಮಿಗೆ ಕಳಿಸುವುದೋ ಯೋಚಿಸುತ್ತೇನೆ ಎಂದರು.

ಈ ವರ್ಷ ಸದಸ್ಯರಿಗೆ ಕಳಿಸುವ ಆಯ್ಕೆ ಎಂದರೆ ಐದು ಸಿಂಗಲ್ ಮಾಲ್ಟು ವಿಸ್ಕಿ, ಐದೂ ಪೀಟ್ ಹೊಗೆಯವು. ಸ್ಕಾಚ್ ಬರುವ ದೇಶದ ಜೌಗು ನೆಲದಲ್ಲಿ ಹುಲ್ಲು ಪಾಚಿ ಕೊಳೆತು ಕಪ್ಪು ಮಣ್ಣಾಗಿರುತ್ತದೆ, ಅದೇ ಪೀಟ್. ಅದನ್ನು ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುತ್ತಾರೆ. ಎಷ್ಟು ವರ್ಷ ಪೀಪಾಯಿಯಲ್ಲಿ ಮಲಗಿಸಿದರೂ ಹೊಗೆ ಬಿಡುವುದಿಲ್ಲ. ನಮ್ಮ ಮನೆಗೆ ಬರುವ ಮುಂಚೆ ಅಂಗಿ ಬದಲಾಯಿಸಿಕೊಂಡು ಬಾ ಎಂದು ನೀನು ನನಗೆ ಕಟ್ಟಳೆ ಹಾಕಿದ್ದು ಇದೇ ಹೊಗೆಗೆ ಹೆದರಿ. ನಾನು ಒಂದು ದಿನವೂ ತಪ್ಪಿಸಿಲ್ಲ, ಆಫೀಸಿನ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಒಗೆದ ಅಂಗಿ ಯಾವಾಗಲೂ ತೂಗುತ್ತಿರುತ್ತದೆ. ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ.

ಐದನ್ನೂ ಹೋಲಿಸಿ ಒಂದೊಂದಕ್ಕೂ ನಾಲ್ಕು ಮಾತು ಬರೆದುಕೊಡಬೇಕಿತ್ತು. ನನ್ನ ಮೂಗಿಗೆ ಐದೂ ಸತ್ತ ನೀರು. ಆಗ ನಾನು ಭಾವನ ಚಹಾ ಕಂಪನಿಗೆ ಹೋದೆ. ನಿನ್ನ ಮದುವೆಗೆ ಮುಂಚೆ ನಾವಿಬ್ಬರೂ ನಮ್ಮ ರುಚಿಯ ಕೋಣೆಯ ಮೇಜಿನಲ್ಲಿ ಎದುರುಬದುರು ಕೂತವರು. ಆಗಲೇ ಅವನ ಮೂಗಿನ ಮುಂದೆ ನನ್ನದು ಬರಿ ಕನ್ನಡಕ ಇಡಲು ಒಂದು ಜಾಗ. ಕುಡಿತ ಬಿಟ್ಟು ಚಹಾ ರುಚಿ ನೋಡುವ ಕೆಲಸಕ್ಕೆ ಸೇರಿದಮೇಲೂ ಆ ಮೂಗು ಹಾಗೇ ಇತ್ತು. ಬರೀ ವಾಸನೆ ನೋಡಿ ಹೇಳು, ತುಟಿಗೆ ತಾಕಿಸುವುದೂ ಬೇಡ ಎಂದೆ. ಅವನು ಬೇಡ ಎಂದ. ಮತ್ತೆ ಕೇಳಿದೆ, ಮತ್ತೆ ಬೇಡ ಎಂದ. ಆಗ ನಾನು ಹೇಳಿದೆ: “ಬಿಡು, ಚಹಾ ಉಗುಳಿ ಉಗುಳಿ ನಿನ್ನ ಮೂಗೂ ಹೋಗಿರುತ್ತೆ. ಸುಮ್ನೆ ಕೇಳ್ದೆ.” ಎಲ್ಲಿ ಚುಚ್ಚಿದರೆ ಅವನಿಗೆ ನೋಯುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಮಗಳ ಬಾಣಂತನಕ್ಕೆ ನೀನು ಹೊರಡುವ ದಿನ, ಇವರನ್ನು ನಿನ್ನ ಕೈಗೆ ಒಪ್ಪಿಸಿ ಹೋಗುತ್ತಿದ್ದೇನೆ ಅಣ್ಣಾ ಎಂದಿದ್ದೆಯಲ್ಲ, ಅದು ಆ ಕ್ಷಣ ನೆನಪಾಗಲಿಲ್ಲ ಎಂದರೆ ಸುಳ್ಳಾದೀತು.

ಹೋದ ತಿಂಗಳ ಕೊನೆಯ ಬುಧವಾರ ಮಧ್ಯಾಹ್ನ ಬಂದ. ರುಚಿಯ ಕೋಣೆ ನೀನು ನೋಡಿಲ್ಲ. ಬಿಳಿ ಮೇಜು, ದೊಡ್ಡ ಕಿಟಕಿ, ಒಂದು ಜಗ್ ನೀರು, ಕೆಳಗೆ ಸ್ಟೀಲಿನ ಪೀಕದಾನಿ. ಹೊಗೆ ಕಡಿಮೆಯದು ಮೊದಲು, ಜಾಸ್ತಿಯದು ಕೊನೆಗೆ, ಹಾಗೆ ಸಾಲಾಗಿ ಇಟ್ಟಿದ್ದೆ. ಮೊದಲು ದಟ್ಟ ಹೊಗೆ ಮೂಸಿದರೆ ತೆಳುವಾದದ್ದು ಆಮೇಲೆ ಸಿಗುವುದಿಲ್ಲ. ಅವನು ಕುರ್ಚಿಯ ತುದಿಯಲ್ಲಿ ಕೂತು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮೊದಲನೆಯ ಗ್ಲಾಸಿಗೆ ಬಗ್ಗಿದ. ಬಿಸಿಲಿಗೆ ಹಾಕಿದ ಒದ್ದೆ ಕಂಬಳಿ ಎಂದ, ಹೊಗೆ ಪಕ್ಕದ ಮನೆಯದು ಎಂದ. ಎರಡನೆಯದಕ್ಕೆ ಆಸ್ಪತ್ರೆಯ ಬ್ಯಾಂಡೇಜು, ಅದರ ಮೇಲೆ ಒಂಚೂರು ನಿಂಬೆ ಸಿಪ್ಪೆ ಎಂದ. ನಾನು ಬರೆದುಕೊಳ್ಳುತ್ತ ಹೋದೆ. ಇಷ್ಟು ವರ್ಷವಾದಮೇಲೂ ಅವನ ಬಾಯಲ್ಲಿ ಇಂಥ ಮಾತು ಬರುವುದು ಕಂಡು ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು.

ಮೂರನೆಯದು, ನಾಲ್ಕನೆಯದು ಅವನನ್ನೂ ಕಾಡಿದವು. ಮೂಸಿದ, ಬದಲಿಸಿ ಮೂಸಿದ, ಎರಡು ಹನಿ ನೀರು ಹಾಕಿ ಮೂಸಿದ. ಕೊನೆಗೆ ಕುರ್ಚಿ ಹಿಂದಕ್ಕೆ ತಳ್ಳಿದ.

“ಮೂಗಿಗೆ ಇಷ್ಟೇ ಕಣೋ. ಇವೆರಡೂ ಅವಳಿಗಳು. ಬಾಯಿಗೆ ಹಾಕ್ದೆ ಬೇರೆ ಮಾಡೋಕಾಗಲ್ಲ. ನಾನು ಹೊರಡ್ತೀನಿ.”

ಅವನು ಎದ್ದೇ ನಿಂತಿದ್ದ, ಗುಬ್ಬಿ. ನಾನು ಪೀಕದಾನಿಯನ್ನು ಕಾಲಿನಿಂದ ಅವನ ಹತ್ತಿರ ಸರಿಸಿದೆ.

“ಚಹಾ ಥರಾನೇ. ಆಡಿಸಿ ಉಗುಳು. ನಿನ್ನ ಉದ್ಯೋಗಾನೇ ಅದಲ್ವಾ?”

ನಮ್ಮ ಕಸುಬಿನವರು ಮಾತ್ರ ನಂಬುವ ಮಾತು ಇದು. ಉಗುಳಿದ್ದು ಕುಡಿದ ಲೆಕ್ಕವಲ್ಲ ಎಂದು ನಾವು ಹೆಂಡತಿಯರಿಗೂ ಡಾಕ್ಟರಿಗೂ ಹೇಳುತ್ತ ಬಂದಿದ್ದೇವೆ. ಹೇಳಿ ಹೇಳಿ ನಾವೇ ನಂಬಿದ್ದೇವೆ. ಅವನು ಮತ್ತೆ ಕೂತ.

ಮೂರನೆಯದು ಡಾಂಬರು ಸವರಿದ ಒಣ ಹಗ್ಗ, ಕೊನೆಗೆ ಕರಿಮೆಣಸು. ನಾಲ್ಕನೆಯದು ಅದೇ ಹಗ್ಗ, ಉಪ್ಪುನೀರಲ್ಲಿ ನೆನೆದದ್ದು, ಹಿಂದೆ ಒಣದ್ರಾಕ್ಷಿ ಇದೆ, ಷೆರಿ ವೈನಿನ ಪೀಪಾಯಿಯಲ್ಲಿ ಮಲಗಿ ಎದ್ದದ್ದು ಎಂದ. ಐದನೆಯದರ ಹೊತ್ತಿಗೆ ಅವನ ಮುಖ ಬೇರೆಯೇ ಆಗಿತ್ತು. ಕಿಟಕಿಯ ಕಡೆ ನೋಡುತ್ತ ಹೇಳಿದ: “ಮನೆ ಸುಟ್ಟ ಮಾರನೇ ದಿನ ಒಳಗೆ ಹೋದ್ರೆ ಬರುತ್ತಲ್ಲ, ಅದು. ಆದ್ರೆ ಯಾರೋ ಆ ಮನೇಲಿ ಜೇನು ಇಟ್ಟಿದ್ರು.” ಒಂದೊಂದು ಸಲವೂ ಬಗ್ಗಿ ಉಗುಳಿದ. ಒಂದೆರಡು ಹನಿ ಗಂಟಲಿಗೆ ಇಳಿದಿದ್ದರೆ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಹೊರಡುವಾಗ ಮೊಳೆಯಲ್ಲಿದ್ದ ನನ್ನ ಅಂಗಿ ಕೇಳಿದ. ಮನೆಯಲ್ಲಿ ಯಾರೂ ಇಲ್ಲವಲ್ಲ, ಯಾಕೆ ಎಂದೆ. ಮನೆ ಇದೆಯಲ್ಲ ಎಂದ. ನನ್ನ ಅಂಗಿ ಅವನಿಗೆ ಭುಜದಲ್ಲಿ ಬಿಗಿ. ಗುಂಡಿ ಹಾಕದೆಯೇ ಹೋದ.

ಮಾರನೆಯ ದಿನ ನಾನು ಅವನ ಮಾತುಗಳನ್ನು ಮಾಲೀಕರ ಮುಂದೆ ನನ್ನವೆಂಬಂತೆ ಓದಿದೆ. ಸುಟ್ಟ ಮನೆಯ ಜೇನಿಗೆ ಅವರು ಕನ್ನಡಕ ತೆಗೆದು, ನಿಮ್ಮ ಮೂಗು ವಾಪಸ್ ಬಂತು ಎಂದು ಕೈ ಕುಲುಕಿದರು. ನಾನು ಕೈ ಕೊಟ್ಟೆ. ಆ ಮಾತುಗಳು ಈಗ ಅಚ್ಚಾಗಿ, ಕೆಳಗೆ ನನ್ನ ಹೆಸರು ಹೊತ್ತು, ಸದಸ್ಯರ ಮನೆಮನೆಗೆ ಹೋಗಿವೆ. ನಾನು ಅವನ್ನು ಓದಿದ ಒಂದೆರಡು ದಿನಕ್ಕೇ ಚಹಾ ಕಂಪನಿಯಿಂದ ಫೋನು ಬಂತು, ಭಾವ ಕೆಲಸಕ್ಕೆ ಬಂದಿಲ್ಲವೆಂದು.

ನನ್ನ ಹತ್ತಿರವಿದ್ದ ಬೀಗದ ಕೈಯಿಂದ ನಿಮ್ಮ ಮನೆ ತೆಗೆದು ಒಳಗೆ ಹೋದೆ. ಅಡುಗೆಮನೆಯ ನೆಲದ ಮೇಲೆ, ಆಗಿನ್ನೂ ಸೋರುತ್ತಿದ್ದ ನಲ್ಲಿಯ ಕೆಳಗೆ ಕೂತಿದ್ದ. ಮೈಮೇಲೆ ನನ್ನ ಅಂಗಿಯೇ ಇತ್ತು. ಪಕ್ಕದಲ್ಲಿದ್ದದ್ದು ಅಂಗಡಿಯ ಅಗ್ಗದ ಬಾಟಲಿ, ಹೊಗೆ ಗಿಗೆ ಏನೂ ಇಲ್ಲದ್ದು. ಅದನ್ನು ತಂದವನು ಅವನೇ, ಅಷ್ಟರ ಮಟ್ಟಿಗೆ ಅವನು ನಿನಗೆ ಹೇಳಿದ್ದು ನಿಜ. ನನ್ನನ್ನು ಕಂಡು, ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಇನ್ನೂ ಪೂರ್ತಿ ಸಿಕ್ಕಿಲ್ಲ ಕಣೋ ಎಂದು ನಗಲು ನೋಡಿದ. ಆಮೇಲೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ತಾನೇ ಕೇಳಿದ. ಇದನ್ನು ನೀನು ಮರೆಯಬಾರದು, ತಾನೇ ಕೇಳಿದ.

ಟ್ಯಾಕ್ಸಿಯಲ್ಲಿ ಹೇಳಿದ: “ನಿನ್ನ ಹೆಸ್ರು ಹೇಳಲ್ಲ. ಅವ್ಳಿಗೆ ಅಂತ ಇರೋನು ನೀನೊಬ್ನೇ ಅಣ್ಣ.” ಆಗ ನಾನು ಬೇಡ, ನಿಜ ಹೇಳು ಎನ್ನಬೇಕಿತ್ತು. ಕಿಟಕಿಯ ಗಾಜು ಇಳಿಸಿದೆ.

ನೀನು ವಾಪಸ್ ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೆ ಬರುವುದಿಲ್ಲ ಎಂದು ನಿರ್ಧರಿಸುವುದಾದರೆ ಅವನ ಮೇಲಿನ ಸಿಟ್ಟಿಗೆ ನಿರ್ಧರಿಸಬೇಡ. ಆ ಸಿಟ್ಟು ನನ್ನ ಪಾಲಿನದು. ಮಾಲೀಕರಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳುತ್ತೇನೆ ಎಂದು ಬರೆಯಲು ಹೊರಟೆ, ಹಾಗೆ ಎಷ್ಟು ನಾಳೆಗಳು ಹೋದವೆಂದು ನೆನೆದು ಕೈ ನಿಂತಿತು. ನಿನ್ನ ಅತ್ತಿಗೆಗೆ ಮಾತ್ರ ನಿನ್ನೆ ಹೇಳಿದೆ. ಅವಳು ಎದ್ದು ಕುಂಡಗಳಿಗೆ ನೀರು ಹಾಕಲು ಹೋದಳು. ಆಗಲೇ ಒಂದು ಸಲ ಹಾಕಿದ್ದಳು.

ಮಗುವಿಗೆ ನೂರು ವರ್ಷ ಆಯಸ್ಸಿರಲಿ. ಮಗಳು ಬೇಗ ಚೇತರಿಸಿಕೊಳ್ಳಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ, ನನ್ನಿಂದ ಸಿಗದಿದ್ದರೂ.

ಇಂತಿ,
ನಿನ್ನ ಅಣ್ಣ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಒಂದೊಂದು ಸಲವೂ ಉಗುಳಿದ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಮೂರನೆಯದನ್ನು ಉಗುಳಿದ. ನಾಲ್ಕನೆಯದಕ್ಕೆ ಬಗ್ಗಿದ, ಶಬ್ದವನ್ನೂ ಮಾಡಿದ, ಪೀಕದಾನಿಗೆ ಏನೂ ಬೀಳಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡಿದ. ನಾನು ಕಂಡೆನೆಂದು ಅವನಿಗೆ ಗೊತ್ತಾಯಿತು. ಸಾಕು ಎಂದು ನಾನು ಹೇಳಲಿ ಎಂದು ಕಾದ. ನನಗೆ ಐದನೆಯದಕ್ಕೂ ಮಾತು ಬೇಕಿತ್ತು, ಗುಬ್ಬಿ. ಐದನೆಯ ಗ್ಲಾಸಿಗೆ ಇನ್ನೊಂದಿಷ್ಟು ಸುರಿದು ಅವನ ಮುಂದಕ್ಕೆ ಸರಿಸಿದೆ.